ಮೈಸೂರಿನ ಹಳೇ ಬಡಾವಣೆಯಲ್ಲಿ ಲಾಫ್ಟ್ ಮನೆ: ಕೊಡಗಿನ ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನನಗೂ ಯಜಮಾನರಿಗೂ ಎಪ್ಪತ್ತರ ಹತ್ತಿರ ವಯಸ್ಸು. ಮಳೆಗಾಲದಲ್ಲಿ ತೋಟದ ಮನೆಯಲ್ಲಿ ಇಬ್ಬರೇ ಇರುವುದು ಕಷ್ಟ ಆಗಿದೆ. ಮಗಳು ಮೈಸೂರಿನಲ್ಲಿದ್ದಾಳೆ. ಅಲ್ಲಿ ಲಕ್ಷ್ಮೀಪುರಂನಲ್ಲಿ ಒಂದು ಹಳೇ ಬಂಗಲೆಯನ್ನು ರಿಪೇರಿ ಮಾಡಿ ಆರು ಮನೆ ಮಾಡಿದ್ದಾರೆ. ಮೇಲಿನದು ಲಾಫ್ಟ್ ಮನೆ. ಹಾಲ್‌ಗೆ ಹದಿನಾರು ಅಡಿ ಎತ್ತರದ ಸೂರು, ಒಳಗೇ ಮೆಟ್ಟಿಲು, ಮೇಲೆ ಮಲಗುವ ಜಾಗ. ಒಟ್ಟು 1,450 ಚದರ ಅಡಿ ಅಂತಾರೆ. ಕೆಳಗೆ 850, ಮೇಲೆ 350, ಉಳಿದದ್ದು ಕಾಮನ್ ಏರಿಯಾ. ಬೆಲೆ 1 ಕೋಟಿ 20 ಲಕ್ಷ. ನೋಡಿದ ಕೂಡಲೇ ಇಷ್ಟ ಆಯಿತು. ತೆಗೆದುಕೊಳ್ಳಬಹುದಾ? (ಓದುಗರು, ವಿರಾಜಪೇಟೆ)

ಉತ್ತರ: ಅಮ್ಮಾ, ಮೈಸೂರಿಗೆ ಹೋಗುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಜೂನ್‌ನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ, ರಾತ್ರಿ ಹೊತ್ತು ಆರೋಗ್ಯ ಕೆಟ್ಟರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮರ ಬಿದ್ದಿರುತ್ತದೆ, ಇದನ್ನು ಅನುಭವಿಸಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಚಿಂತೆ ಇರುವುದು ಈ ಮನೆಯ ಬಗ್ಗೆ.

ಮೊದಲು ಪಾಲಿಕೆ ಮಂಜೂರು ಮಾಡಿದ ನಕ್ಷೆ ಕೇಳಿ. ಮಾರುವವರು ಕೊಡುವ ಬಣ್ಣದ ಬ್ರೋಷರ್ ಬೇಡ, ಸೀಲ್ ಇರುವ ನಕ್ಷೆಯೇ ಬೇಕು. ಮೇಲಿನ 350 ಅಡಿ ಅದರಲ್ಲಿ ವಾಸದ ಜಾಗ ಅಂತ ಇದೆಯೋ ಇಲ್ಲವೋ ನೋಡಿ. ಹಳೇ ಬಂಗಲೆಗಳಲ್ಲಿ ಸೂರು ಎತ್ತರ ಇರುತ್ತದಲ್ಲ, ಮಧ್ಯದಲ್ಲಿ ನಾಲ್ಕು ಕಬ್ಬಿಣದ ತೊಲೆ ಕೊಟ್ಟು ಹಲಗೆ ಹಾಸಿ ಒಂದು ಮಹಡಿ ಮಾಡಿಬಿಡುವುದು ಸುಲಭ. ಆದರೆ ಅನುಮತಿ ಇಲ್ಲದೆ ಹಾಗೆ ಮಾಡಿದ್ದರೆ ಕಾಗದದ ಮೇಲೆ ಆ ಮಹಡಿ ಇರುವುದೇ ಇಲ್ಲ. ಬ್ಯಾಂಕ್ ಬೆಲೆ ಕಟ್ಟುವಾಗ ಅದನ್ನು ಬಿಟ್ಟುಬಿಡಬಹುದು, ಪಾಲಿಕೆ ತೆಗೆಸಲೂಬಹುದು, ನಾಳೆ ನೀವು ಮಾರಲು ಹೋದರೆ ಕೊಳ್ಳುವವರ ವಕೀಲರು ಇದನ್ನೇ ಹಿಡಿದುಕೊಂಡು ಬೆಲೆ ಇಳಿಸುತ್ತಾರೆ.

ಒಂದು ಟೇಪ್ ಕೂಡ ತೆಗೆದುಕೊಂಡು ಹೋಗಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇಂಥ ನಡುಮಹಡಿಗೆ ಕನಿಷ್ಠ 2.2 ಮೀಟರ್ ಎತ್ತರ ಬೇಕು. ಅಂದರೆ ಏಳು ಅಡಿಗಿಂತ ಸ್ವಲ್ಪ ಜಾಸ್ತಿ. ಸಾಮಾನು ಇಡುವ ಅಟ್ಟಕ್ಕಾದರೆ 1.5 ಮೀಟರ್ ಒಳಗೆ ಇರಬೇಕು. ಇವೆರಡರ ಮಧ್ಯದ ಎತ್ತರದಲ್ಲಿ ಮಂಚ ಹಾಕಿ ಫೋಟೋ ತೆಗೆದರೆ ಚೆನ್ನಾಗಿ ಕಾಣುತ್ತದೆ, ದಿನಾ ಬಗ್ಗಿ ಓಡಾಡುವವರಿಗೆ ಮಾತ್ರ ಕಷ್ಟ.

ಈಗ ಬೆಲೆಯ ಲೆಕ್ಕ. 1 ಕೋಟಿ 20 ಲಕ್ಷವನ್ನು 1,450ರಿಂದ ಭಾಗಿಸಿದರೆ ಅಡಿಗೆ ಸುಮಾರು 8,276 ರೂಪಾಯಿ. ಮೇಲಿನ ಮಹಡಿಗೆ ಮಂಜೂರಾತಿ ಇಲ್ಲ ಅಂದರೆ, ಕಾಮನ್ ಏರಿಯಾವನ್ನೂ ತೆಗೆದರೆ, ನಿಮ್ಮ ಕೈಗೆ ಗಟ್ಟಿಯಾಗಿ ಬರುವುದು 850 ಅಡಿ ಮಾತ್ರ. ಆಗ ಅಡಿಗೆ 14,118 ಬೀಳುತ್ತದೆ. ಮನೆ ಅದೇ, ದರ ಮಾತ್ರ ಎಲ್ಲಿಗೋ ಹೋಯಿತು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮಾರುವವರ ಮುಂದೆ ಇಟ್ಟು ಮಾತಾಡಿ.

ಇನ್ನು ಗೋಡೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಇಲ್ಲಿ. ಮೈಸೂರಿನ ಹಳೇ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಹಲವು ಕಡೆ ಮದ್ರಾಸ್ ತಾರಸಿ ಇದೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ ಸೂರು. ಸರಿಯಾಗಿ ನೋಡಿಕೊಂಡರೆ ನೂರು ವರ್ಷ ದಾಟಿಯೂ ನಿಲ್ಲುತ್ತವೆ. ನೀರು ಇಳಿಯಲು ಬಿಟ್ಟರೆ ನಿಲ್ಲುವುದಿಲ್ಲ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಬಿದ್ದು ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಎರಡೂ ಮಳೆಗಾಲದಲ್ಲೇ ಆದದ್ದು.

ಹಾಗಾಗಿ ಹೊಸ ನಡುಮಹಡಿಯ ಭಾರ ಯಾವುದರ ಮೇಲೆ ಕೂತಿದೆ ಅಂತ ಕೇಳಿ. ಹಳೇ ಗೋಡೆಗೆ ತೂತು ಕೊರೆದು ತೊಲೆ ಸಿಕ್ಕಿಸಿದ್ದಾರಾ, ಅಥವಾ ಅದಕ್ಕೇ ಬೇರೆ ಕಂಬ ಕೊಟ್ಟು ನೆಲದ ತನಕ ಇಳಿಸಿದ್ದಾರಾ? ಎರಡನೆಯದು ಮೇಲು. ಸೂರಿನ ಮರದ ತೊಲೆಗಳು ಗೋಡೆಯೊಳಗೆ ಹೋಗುವ ತುದಿಯನ್ನು ನೋಡಬೇಕು, ಗೆದ್ದಲು, ಕೊಳೆ ಶುರುವಾಗುವುದು ಅಲ್ಲೇ. ಸುಣ್ಣದ ಗೋಡೆಗೆ ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರೆ ತೇವ ಒಳಗೇ ನಿಂತುಬಿಡುತ್ತದೆ, ಮೇಲೆ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಒಂದೆರಡು ಮಳೆಗಾಲದಲ್ಲಿ ಹೊಪ್ಪಳಿಕೆ ಏಳುತ್ತದೆ. ಇದನ್ನೆಲ್ಲ ನೋಡಲು ನಿಮ್ಮ ಕಡೆಯಿಂದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಮಾರುವವರು ಕರೆತಂದ ಎಂಜಿನಿಯರ್ ಬೇಡ. ಜುಲೈ, ಆಗಸ್ಟ್‌ನಲ್ಲಿ ಒಂದು ಒಳ್ಳೆ ಮಳೆ ಬಂದ ಮರುದಿನ ಹೋಗಿ ನೋಡಿದರೆ ಇನ್ನೂ ಒಳ್ಳೆಯದು.

ಕಾಗದ ಪತ್ರದಲ್ಲಿ ಇ-ಖಾತಾ, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಮೂಲಪತ್ರ ಇವನ್ನು ಯಾವ ವಕೀಲರೂ ಕೇಳುತ್ತಾರೆ. ಹಳೇ ಮನೆತನದ ಬಂಗಲೆಗೆ ಇನ್ನೊಂದನ್ನು ಒತ್ತಿ ಕೇಳಿಸಿ: ವಂಶವೃಕ್ಷ ತೆಗೆಸಿ ನೋಡಿದಾಗ ಆ ಮನೆಯ ಹೆಣ್ಣುಮಕ್ಕಳ ಸಹಿ ಎಲ್ಲ ಕಡೆ ಇದೆಯಾ? ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಕೈಬಿಟ್ಟ ಒಬ್ಬ ತಂಗಿ ಕೋರ್ಟಿಗೆ ಹೋದರೆ ಆರು ಮನೆಯವರೂ ಅಲೆಯಬೇಕು. ನೆಲದಲ್ಲಿ ನಿಮಗೆ ಎಷ್ಟು ಅವಿಭಾಜ್ಯ ಪಾಲು ಅನ್ನುವುದೂ ಕ್ರಯಪತ್ರದಲ್ಲಿ ಅಂಕಿಯಲ್ಲಿ ಬರಬೇಕು.

ಮನೆ ಕೊಳ್ಳುವವರ ಹಿತ ಕಾಯಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಇದೆಯಲ್ಲ ಅಂತ ನಂಬಿ ಕೂರಬೇಡಿ. ಎಂಟು ಮನೆಗಿಂತ ಹೆಚ್ಚಿಲ್ಲದ ಯೋಜನೆಗೆ ರೇರಾ ನೋಂದಣಿ ಕಡ್ಡಾಯ ಅಲ್ಲ. ನಿಮ್ಮದು ಆರೇ ಮನೆ. ಅದಕ್ಕೇ ಇಷ್ಟು ಉದ್ದ ಬರೆದೆ.

ಖರ್ಚಿಗೂ ಸಿದ್ಧ ಇರಿ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಎರಡೂ ಸೇರಿ 1 ಕೋಟಿ 20 ಲಕ್ಷಕ್ಕೆ 9,12,000 ರೂಪಾಯಿ. ಮನೆ ಬೆಲೆ 50 ಲಕ್ಷ ದಾಟಿದ್ದರಿಂದ 1% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ನೀವೇ ಹಿಡಿದು ಕಟ್ಟಬೇಕು, ಅದು ಮಾರುವವರ ಹಣದಲ್ಲಿ ಕಡಿತ ಆಗುತ್ತದೆ, ನಿಮಗೆ ಹೆಚ್ಚಿನ ಹೊರೆ ಅಲ್ಲ.

ಕೊನೆಯದಾಗಿ ನಿಮ್ಮ ಮಂಡಿ. ಮಲಗುವ ಕೋಣೆ ಮೇಲೆ, ಬಚ್ಚಲು ಕೆಳಗೆ ಅಂತಿದ್ದರೆ ರಾತ್ರಿ ಎರಡು ಸಲ ಇಳಿದು ಹತ್ತಬೇಕು. ಲಾಫ್ಟ್ ಮೆಟ್ಟಿಲು ಸಾಮಾನ್ಯವಾಗಿ ಕಡಿದಾಗಿರುತ್ತದೆ, ಕೆಲವಕ್ಕೆ ಒಂದು ಕಡೆ ಹಿಡಿದುಕೊಳ್ಳುವ ಕಂಬಿಯೂ ಇರುವುದಿಲ್ಲ. ಬಿಸಿ ಗಾಳಿ ಮೇಲೇ ಸೇರುವುದರಿಂದ ಏಪ್ರಿಲ್‌ನಲ್ಲಿ ಅಲ್ಲಿ ನಿದ್ದೆ ಬರುವುದೂ ಕಷ್ಟ, ಕೊಡಗಿನ ತಂಪಿನಲ್ಲಿ ಬೆಳೆದವರಿಗಂತೂ ತುಂಬಾ ಕಷ್ಟ. ಅದೇ ಕಟ್ಟಡದಲ್ಲಿ ನೆಲಮಹಡಿಯ ಮನೆ ಮಾರಾಟಕ್ಕಿದ್ದರೆ, ಗೋಡೆ ಪರೀಕ್ಷೆಯಲ್ಲಿ ಪಾಸಾದರೆ, ಅದನ್ನು ಖುಷಿಯಿಂದ ತೆಗೆದುಕೊಳ್ಳಿ. ಲಾಫ್ಟ್ ಬೇಡ ಅನ್ನುವುದೇ ನನ್ನ ಉತ್ತರ.

ಪ್ರಶ್ನೆ: ಮೈಸೂರಿನಲ್ಲೇ ಹೊಸದಾಗಿ ಕಟ್ಟುತ್ತಿರುವ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಡಬಲ್ ಹೈಟ್ ಹಾಲ್ ಇರುವ ಮನೆ ನೋಡಿದ್ದೇನೆ. ನಾಳೆಯೊಳಗೆ 25% ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ ಅಂತಾರೆ. (ಓದುಗರು, ಕುಶಾಲನಗರ)

ಉತ್ತರ: ಕಟ್ಟಬೇಡಿ. ದೊಡ್ಡ ಯೋಜನೆಗೆ ರೇರಾ ನೋಂದಣಿ ಇರಲೇಬೇಕು, ಆ ನಂಬರ್ ಹಾಕಿ ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ನೋಡಬಹುದು. 2016ರ ಆ ಕಾಯ್ದೆ ಪ್ರಕಾರ ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ಕೇಳುವ ಹಾಗಿಲ್ಲ. ನಾಳೆಯೊಳಗೆ ಅನ್ನುವ ಮಾತು ಕೇಳಿದ ಕೂಡಲೇ ಒಂದು ವಾರ ತಡ ಮಾಡಿ, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಅಂತ ಬರೆಸಿಕೊಳ್ಳಿ. ಹಾಲ್ ಮೇಲಿನ ಖಾಲಿ ಎತ್ತರವನ್ನು ಎರಡನೇ ಸಲ ಅಡಿ ಲೆಕ್ಕದಲ್ಲಿ ಸೇರಿಸಿದ್ದಾರಾ ಅಂತ ನೋಡಿ, ಅಲ್ಲಿ ಕಾಲಿಡಲು ನೆಲವೇ ಇಲ್ಲ ಅಲ್ವಾ? ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ 5% ಬೇರೆ. ಸ್ವಾಧೀನ ಸಿಕ್ಕ ಮೇಲೆ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು, ಇದೊಂದು ಅನುಕೂಲ ಹಳೇ ಬಂಗಲೆಯವರಿಗೆ ಸಿಗುವುದಿಲ್ಲ.

ಪ್ರಶ್ನೆ: ಇಂಥ ಮನೆಗೆ ಹಣ ಹೊಂದಿಸಲು ಜಮ್ಮಾ ಜಾಗದ ನನ್ನ ಪಾಲಿನ ಎರಡು ಎಕರೆ ಕಾಫಿ ತೋಟ ಮಾರಬೇಕು ಅಂತಿದ್ದೇನೆ. (ಓದುಗರು, ಗೋಣಿಕೊಪ್ಪ)

ಉತ್ತರ: ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಬಂದ ಜಮೀನು, ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಹಳೇ ದಾಖಲೆಗಳಲ್ಲಿ ಪಟ್ಟೆದಾರರ (ಮನೆತನದ ಪರವಾಗಿ ಪಟ್ಟೆ ಹೊಂದಿದ ಹಿರಿಯರ) ಹೆಸರು, ಜೊತೆಗೆ ಕುಟುಂಬದ ಉಳಿದವರ ಹೆಸರು ಇರುತ್ತದೆ. ನೀವು ಕೃಷಿ ಮಾಡಿಕೊಂಡು ಬಂದ ಮಾತ್ರಕ್ಕೆ ಒಬ್ಬರೇ ಮಾರಲು ಹೊರಟರೆ ಒಕ್ಕದಲ್ಲೂ ಜಗಳ, ಕೊಂಡವರಿಗೂ ತಕರಾರು. ಮೊದಲು ಮನೆಯವರನ್ನೆಲ್ಲ ಕೂರಿಸಿ ಮಾತಾಡಿ, ಆಮೇಲೆ ಕಂದಾಯ ವಿಷಯ ತಿಳಿದ ಸ್ಥಳೀಯ ವಕೀಲರನ್ನು ನೋಡಿ. ಅಡ್ವಾನ್ಸ್ ಕೊಟ್ಟು ಬಂದು ಆಮೇಲೆ ತೋಟ ಮಾರಲು ಓಡಾಡುವುದು ಮಾತ್ರ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ವರ್ಷ ವರ್ಷ ಬೆಳೆ ಕೊಡುವ ತೋಟ ಬಿಟ್ಟು ಇಬ್ಬರಿಗೆ ಅಗತ್ಯಕ್ಕಿಂತ ಎತ್ತರದ ಸೂರು ಕೊಳ್ಳಬಾರದು. ಮೈಸೂರಿನಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ.

ಪ್ರಶ್ನೆ: ಮಡಿಕೇರಿ ಪೇಟೆಯಲ್ಲಿ ನಮ್ಮದೇ ಹಳೇ ಹೆಂಚಿನ ಮನೆ ಇದೆ. ಅಟ್ಟವನ್ನು ಲಾಫ್ಟ್ ರೂಮ್ ಮಾಡಿಸಬಹುದಾ? (ಓದುಗರು, ಮಡಿಕೇರಿ)

ಉತ್ತರ: ಮಾಡಿಸಬಹುದು, ಮೂರು ವಿಷಯ ಸರಿ ಇದ್ದರೆ. ಪಕಾಸು, ತೊಲೆ ಗಟ್ಟಿ ಇರಬೇಕು. ಗಾಳಿ ಆಡಲು ಎರಡೂ ಕಡೆ ಕಿಟಕಿ ಬೇಕು, ಹೆಂಚಿನ ಕೆಳಗೆ ಸುಮ್ನೆ ಪ್ಲೈವುಡ್ ಬಡಿದು ಮುಚ್ಚಿದರೆ ಮಡಿಕೇರಿ ಮಳೆಗೆ ಬೂಷ್ಟು ಖಂಡಿತ. ಮನೆ ಹಿಂದಿನ ಬರೆಯನ್ನು (ಗುಡ್ಡದ ಇಳಿಜಾರನ್ನು) ಕಡಿದು ಜಾಗ ಮಾಡಿಕೊಂಡಿದ್ದರೆ ಮೊದಲು ಅದನ್ನು ಎಂಜಿನಿಯರ್‌ಗೆ ತೋರಿಸಿ. 2018ರ ಆಗಸ್ಟ್‌ನ ಭೂಕುಸಿತ ಕಂಡವರು ನಾವು. ಮಣ್ಣಿನ ಗೋಡೆಯ ಮನೆಯಾಗಿದ್ದರೆ ಹೊಸ ಮಹಡಿಯ ಭಾರವನ್ನು ಗೋಡೆಗೆ ಹಾಕದೆ ಒಳಗಡೆ ಬೇರೆ ಮರದ ಕಂಬ ಕೊಡಿಸಿ. ನಗರಸಭೆಯ ಅನುಮತಿಗೆ ಅರ್ಜಿ ಕೊಟ್ಟು, ಮಳೆ ನಿಂತ ಮೇಲೆ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿ.