ವಿದ್ಯಾರ್ಥಿಗಳೇ ಸಂಪಾದಕರಾಗಿರುವ ಅಂತರರಾಷ್ಟ್ರೀಯ ವಿದ್ಯಮಾನಗಳ ಜರ್ನಲ್‌ಗೆ ಬೆಲೆಯಿದೆಯೇ? ನಮ್ಮ ಜಿಲ್ಲೆಯಲ್ಲಿ ಅಂಥದ್ದೊಂದನ್ನು ಆರಂಭಿಸಬಹುದೇ?

ಚಿಕ್ಕಬಳ್ಳಾಪುರದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿರುವ ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ: ವಿದ್ಯಾರ್ಥಿಗಳು ನಡೆಸುವ ವಿಶ್ವವಿದ್ಯಾಲಯದ ಜರ್ನಲ್‌ನಲ್ಲಿ ಬರೆದದ್ದನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ, ಮತ್ತು ಅಂಥದ್ದನ್ನು ಇಲ್ಲಿಯೇ ಆರಂಭಿಸಲು ಸಾಧ್ಯವೇ ಎಂದು. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಎಂ.ಎ. ಓದುವಾಗ ಎರಡು ವರ್ಷ ಇಂಥದ್ದೇ ಒಂದು ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿದ್ದೆ. ಈಗ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಆ ಎರಡು ವರ್ಷಗಳಲ್ಲಿ ಕಂಡದ್ದನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲನೆಯದಕ್ಕೆ ನನ್ನ ಉತ್ತರ ಹೌದು ಎಂಬುದು. ಅಮೆರಿಕದಲ್ಲಿ 1887ರಲ್ಲಿ ಆರಂಭವಾದ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯನ್ನು ಇಂದಿಗೂ ವಿದ್ಯಾರ್ಥಿಗಳೇ ಸಂಪಾದಿಸುತ್ತಾರೆ. ನಮ್ಮ ವಿಷಯಕ್ಕೇ ಬಂದರೆ, ಕೊಲಂಬಿಯಾ ವಿಶ್ವವಿದ್ಯಾಲಯದ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಅಫೇರ್ಸ್ 1947ರಿಂದ ನಡೆದುಬಂದಿದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿದ್ಯಾರ್ಥಿಗಳು 1971ರಲ್ಲಿ ಹುಟ್ಟುಹಾಕಿದ ಮಿಲೆನಿಯಂ, ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತದ ಬಗ್ಗೆ ಬರೆಯುವ ಹಿರಿಯ ವಿದ್ವಾಂಸರೂ ತಮ್ಮ ಲೇಖನ ಅಲ್ಲಿ ಬರಲಿ ಎಂದು ಬಯಸುವಂಥ ಪತ್ರಿಕೆಯಾಗಿ ಬೆಳೆದಿದೆ. ಸಂಪಾದಕರ ವಯಸ್ಸು ಇಪ್ಪತ್ತಮೂರೋ ಐವತ್ತೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಬಂದ ಪ್ರತಿಯೊಂದು ಲೇಖನವನ್ನೂ ಅವರು ಯಾವ ಶಿಸ್ತಿನಿಂದ ಓದಿದರು ಎಂಬುದು ಮುಖ್ಯವಾಯಿತು.

ಆ ಶಿಸ್ತು ಏನೆಂದು ನನಗೆ ಅರ್ಥವಾದದ್ದು ರೇಷ್ಮೆಯ ಮೇಲಿನ ಒಂದು ಪ್ರಬಂಧದಿಂದ. ನಮ್ಮಲ್ಲಿಗೆ ಬಂದ ಪ್ರತಿ ಲೇಖನದಿಂದ ಲೇಖಕರ ಹೆಸರನ್ನು ತೆಗೆದು ಇಬ್ಬರು ಬೇರೆ ಬೇರೆಯಾಗಿ ಓದುತ್ತಿದ್ದೆವು. ಅಂದು ಬಂದಿದ್ದ ಪ್ರಬಂಧ ಚೀನಾದ ಕಚ್ಚಾ ರೇಷ್ಮೆಯ ಆಮದು ಕರ್ನಾಟಕದ ಬೆಳೆಗಾರರ ಮೇಲೆ ಬೀರಿದ ಪರಿಣಾಮವನ್ನು ಕುರಿತದ್ದಾಗಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಆಮದು ಸುಂಕವನ್ನು ರದ್ದುಪಡಿಸಿತು, ಅದರಿಂದ ಗೂಡಿನ ಬೆಲೆ ಕುಸಿಯಿತು ಎಂಬ ವಾಕ್ಯ ಅದರ ಎರಡನೆಯ ಪುಟದಲ್ಲಿತ್ತು. ನಾನು ಅದನ್ನು ಓದಿ ಮುಂದೆ ಹೋದೆ, ಏಕೆಂದರೆ ಗೂಡಿನ ಮಾರುಕಟ್ಟೆಯಿಂದ ಬರಿಗೈಯಲ್ಲಿ ಎಂಬಂತೆ ಮರಳುತ್ತಿದ್ದ ನಮ್ಮ ಮನೆಯ ಹಿರಿಯರ ಬಾಯಲ್ಲಿ ಆ ಮಾತನ್ನೇ ಕೇಳಿ ಬೆಳೆದಿದ್ದೆ. ಎರಡನೆಯವಳಾಗಿ ಅದನ್ನು ಓದಿದ ನನ್ನ ಸಹಪಾಠಿಗೆ ರೇಷ್ಮೆಯ ಗಂಧಗಾಳಿಯೂ ಇರಲಿಲ್ಲ. ಆದ್ದರಿಂದಲೇ ಇರಬೇಕು, ಆಕೆ ಆ ವಾಕ್ಯದ ಅಡಿಟಿಪ್ಪಣಿಯನ್ನು ನೋಡಿ, ಅಲ್ಲಿ ಒಂದು ಪತ್ರಿಕಾ ವರದಿಯಷ್ಟೇ ಇರುವುದನ್ನು ಗಮನಿಸಿ, ಬಜೆಟ್ ಭಾಷಣದ ಮೂಲವನ್ನೇ ತೆಗೆದಳು. ಸುಂಕ ರದ್ದಾಗಿರಲಿಲ್ಲ. ಶೇ 30ರಿಂದ ಶೇ 5ಕ್ಕೆ ಇಳಿದಿತ್ತು. 2013ರ ಬಜೆಟ್‌ನಲ್ಲಿ ಅದನ್ನು ಮತ್ತೆ ಶೇ 15ಕ್ಕೆ ಏರಿಸಲಾಗಿತ್ತು, ಆ ಸಂಗತಿ ಪ್ರಬಂಧದಲ್ಲಿ ಎಲ್ಲಿಯೂ ಇರಲಿಲ್ಲ.

ಇಷ್ಟು ತಿದ್ದಿದ್ದರೆ ಅದು ಕೇವಲ ಅಂಕಿ ತಿದ್ದಿದಂತಾಗುತ್ತಿತ್ತು. ಆದರೆ ಎರಡನೆಯ ಬಜೆಟ್ ಸಿಕ್ಕ ಕೂಡಲೇ ಪ್ರಬಂಧದ ವಾದವನ್ನೇ ಪರೀಕ್ಷಿಸುವ ದಾರಿ ತೆರೆಯಿತು: ಸುಂಕ ಇಳಿದಾಗ ಬೆಲೆ ಬಿದ್ದಿತೆನ್ನುವುದಾದರೆ, ಸುಂಕ ಏರಿದಾಗ ಏನಾಯಿತು? ಮಗ್ಗದವರು ಹಾಸಿನ ಎಳೆಗೆ, ಅಂದರೆ ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗೆ, ಚೀನಾದ ದ್ವಿತಳಿ (ಬೈವೋಲ್ಟೀನ್) ನೂಲನ್ನು ಆರಿಸಿಕೊಳ್ಳುವುದಕ್ಕೆ ಬೆಲೆಯೊಂದೇ ಕಾರಣವೇ, ಅಥವಾ ವಿದ್ಯುತ್ ಮಗ್ಗದ ವೇಗಕ್ಕೆ ತುಂಡಾಗದೆ ನಿಲ್ಲುವ ಅದರ ಗಟ್ಟಿತನವೂ ಕಾರಣವೇ? ಈ ಪ್ರಶ್ನೆಗಳನ್ನು ಬರೆದು ಕಳುಹಿಸಿದಾಗ ಲೇಖಕನಿಗೆ ಮೊದಲು ನೋವಾಯಿತೆಂದು ಆಮೇಲೆ ತಿಳಿಯಿತು. ಎರಡು ತಿಂಗಳ ಬಳಿಕ ಬಂದ ಹೊಸ ಕರಡಿನಲ್ಲಿ ಆತ ನೂಲು ಬಿಚ್ಚುವ ರೀಲರ್‌ಗಳನ್ನು ಮಾತನಾಡಿಸಿದ್ದ, ಬೆಳೆಗಾರನ ಹಿತ ಮತ್ತು ನೇಕಾರನ ಹಿತ ಒಂದೇ ಅಲ್ಲ ಎಂಬುದನ್ನು ಎದುರಿಸಿದ್ದ, ಮತ್ತು ಒಂದು ದೇಶದ ವ್ಯಾಪಾರ ನೀತಿ ತನ್ನದೇ ಇಬ್ಬರು ಪ್ರಜೆಗಳ ನಡುವೆ ಹೇಗೆ ಆಯ್ಕೆ ಮಾಡಬೇಕಾಗುತ್ತದೆ ಎಂದು ಬರೆದಿದ್ದ. ನಮ್ಮ ಆ ವರ್ಷದ ಸಂಚಿಕೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಬಂಧ ಇರಲಿಲ್ಲ.

ಆದ್ದರಿಂದ ಬರೆಯುವುದಕ್ಕಿಂತ ಮೊದಲು ಸಂಪಾದಕ ಮಂಡಳಿಗೆ ಸೇರಿಕೊಳ್ಳಿ ಎನ್ನುವುದು ನನ್ನ ಖಚಿತವಾದ ಸಲಹೆ. ಇನ್ನೊಬ್ಬರ ವಾಕ್ಯವನ್ನು ಮೂಲದೊಡನೆ ಹೋಲಿಸುವ ಅಭ್ಯಾಸ ತರಗತಿಯಲ್ಲಿ ಸುಲಭವಾಗಿ ಬರುವುದಿಲ್ಲ. ಉಕ್ರೇನ್ ಕುರಿತು 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಡೆದ ಮತದಾನದಲ್ಲಿ ಭಾರತ ನಿರ್ಣಯವನ್ನು ವಿರೋಧಿಸಿತು ಎಂದು ಬರೆಯುವ ವಿದ್ಯಾರ್ಥಿಗಳನ್ನು ನಾನು ಈಗಲೂ ಕಾಣುತ್ತೇನೆ. ನಿರ್ಣಯದ ಪರ 141, ವಿರುದ್ಧ 5 ಮತಗಳು ಬಂದವು. ಮತದಾನದಿಂದ ದೂರ ಉಳಿದ 35 ದೇಶಗಳಲ್ಲಿ ಭಾರತವೂ ಒಂದು. ವಿರೋಧಿಸುವುದಕ್ಕೂ ದೂರ ಉಳಿಯುವುದಕ್ಕೂ ಇರುವ ಅಂತರದಲ್ಲಿಯೇ ಅಂದಿನ ನಮ್ಮ ವಿದೇಶಾಂಗ ನೀತಿಯೆಲ್ಲ ಇತ್ತು.

ಅಧ್ಯಾಪಕ ಹುದ್ದೆಯ ನೇಮಕಾತಿಯ ಅಂಕಗಳ ದೃಷ್ಟಿಯಿಂದ ಕೇಳುವುದಾದರೆ ಹೆಚ್ಚು ನಿರೀಕ್ಷಿಸಬೇಡಿ. ಮಾನ್ಯ ಜರ್ನಲ್‌ಗಳನ್ನು ಹೆಸರಿಸುತ್ತಿದ್ದ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆ. ಜರ್ನಲ್‌ನ ಗುಣಮಟ್ಟವನ್ನು ಅಳೆಯುವ ಹೊಣೆ ಈಗ ಸಂಸ್ಥೆಗಳ ಮೇಲಿದೆ. ಆದರೆ ಪಿಎಚ್.ಡಿ. ಸಂದರ್ಶನದಲ್ಲಿ ನೀವು ಮೂರು ಬಾರಿ ತಿದ್ದಿದ ಪ್ರಬಂಧವೊಂದರ ಬಗ್ಗೆ ಮಾತನಾಡಬಲ್ಲಿರಾದರೆ ಅದು ಎದುರಿಗೆ ಕುಳಿತವರಿಗೆ ತಿಳಿಯುತ್ತದೆ. ಹಣ ಕೇಳಿ, ಮೂರೇ ದಿನಗಳಲ್ಲಿ ಸ್ವೀಕೃತಿ ಪತ್ರ ಕಳುಹಿಸುವ ಜರ್ನಲ್‌ಗಳಿಂದ ಮಾತ್ರ ದೂರವಿರಿ. ಮೂರು ದಿನಗಳಲ್ಲಿ ಇಬ್ಬರು ಪರಿಶೀಲಕರು ಒಂದು ಪ್ರಬಂಧವನ್ನು ಸರಿಯಾಗಿ ಓದಿ ಮುಗಿಸಲಾರರು.

ಇನ್ನು ಇಲ್ಲಿಯೇ ಆರಂಭಿಸುವ ವಿಚಾರ. ಕಾನೂನಿನ ತೊಡಕು ನೀವು ಭಾವಿಸಿದಷ್ಟಿಲ್ಲ. 1867ರ ಹಳೆಯ ಕಾಯ್ದೆಯ ಬದಲಿಗೆ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆಯು ವೈಜ್ಞಾನಿಕ ಹಾಗೂ ಶೈಕ್ಷಣಿಕ ಸ್ವರೂಪದ ಜರ್ನಲ್‌ಗಳನ್ನು ನಿಯತಕಾಲಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಹಾಗಾಗಿ ಅವುಗಳಿಗೆ ಆ ನೋಂದಣಿಯ ಅಗತ್ಯವಿಲ್ಲ. ಜರ್ನಲ್ ಅನ್ನು ಗುರುತಿಸಲು ಬಳಸುವ ಎಂಟು ಅಂಕಿಗಳ ಐಎಸ್‌ಎಸ್‌ಎನ್ ಸಂಖ್ಯೆಯನ್ನು ದೆಹಲಿಯ ರಾಷ್ಟ್ರೀಯ ಕೇಂದ್ರ ಶುಲ್ಕವಿಲ್ಲದೆ ಕೊಡುತ್ತದೆ, ಅದಕ್ಕೆ ಜರ್ನಲ್ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಲೇಖನ ಕನ್ನಡದಲ್ಲಿ, ಸಾರಾಂಶ ಎರಡೂ ಭಾಷೆಗಳಲ್ಲಿ ಇದ್ದರೆ ಚೆನ್ನ ಎಂದು ನನ್ನ ಆಸೆ. ಕನ್ನಡದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಮೂಲಗಳನ್ನಿಟ್ಟು ಬರೆಯುವವರು ನಮಗೆ ತುಂಬ ಬೇಕಾಗಿದ್ದಾರೆ.

ವಿಷಯಕ್ಕೂ ನಮ್ಮ ಸೀಮೆಯಲ್ಲಿ ಬರವಿಲ್ಲ. ದೆಹಲಿಯ ಅಂಕಣಕಾರರು ಅಮೆರಿಕ ಮತ್ತು ಚೀನಾ ಬಗ್ಗೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವ ಬದಲು, 1880ರಿಂದ ಕೋಲಾರದ ಚಿನ್ನವನ್ನು ತೆಗೆದ ಬ್ರಿಟನ್ನಿನ ಜಾನ್ ಟೇಲರ್ ಕಂಪನಿಯ ಬಗ್ಗೆ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್‌ನ ಫಲಕಗಳು ಯಾವ ದೇಶದಿಂದ ಬಂದವು ಎಂಬುದರ ಬಗ್ಗೆ, ತಿಪಟೂರಿನ ಕೊಬ್ಬರಿ ಮತ್ತು ಆಮದಾಗುವ ತಾಳೆ ಎಣ್ಣೆಯ ಬಗ್ಗೆ ಬರೆಯುವವರು ನಿಮ್ಮ ತರಗತಿಯಲ್ಲೇ ಇರಬಹುದು.

ನಿಜವಾದ ಕಷ್ಟ ಬೇರೆಡೆ ಇದೆ. ಎಂ.ಎ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಮುಗಿಯುತ್ತದೆ. ಕೆಲಸ ಕಲಿತ ಸಂಪಾದಕರು ಕಲಿತ ಕೂಡಲೇ ಹೊರಟುಹೋಗುತ್ತಾರೆ. ನಾನು ಕೆಲಸ ಮಾಡಿದ ಜರ್ನಲ್ ನಿಂತುಹೋದದ್ದು ಹಣವಿಲ್ಲದೆ ಅಲ್ಲ. ನಮ್ಮ ನಂತರದ ತಂಡಕ್ಕೆ ಕಡತಗಳನ್ನೂ ಪರಿಶೀಲಕರ ಪಟ್ಟಿಯನ್ನೂ ನಾವು ಕ್ರಮವಾಗಿ ಒಪ್ಪಿಸಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ, ಇಂದಿಗೂ ಅದು ನನ್ನನ್ನು ಕಾಡುತ್ತದೆ. ಹಾಗಾಗಿ ಮೊದಲ ವರ್ಷದವರನ್ನು ಮೊದಲ ದಿನದಿಂದಲೇ ಉಪಸಂಪಾದಕರನ್ನಾಗಿ ಜೊತೆಗಿಟ್ಟುಕೊಳ್ಳಿ; ಕಾಲೇಜಿನಲ್ಲಿ ದೀರ್ಘಕಾಲ ಉಳಿಯುವ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರಾಗಿ ಕೇಳಿಕೊಳ್ಳಿ, ಆದರೆ ಯಾವ ಲೇಖನ ಬರಬೇಕೆಂಬ ತೀರ್ಮಾನ ಮಾತ್ರ ವಿದ್ಯಾರ್ಥಿಗಳದ್ದಾಗಿಯೇ ಉಳಿಯಲಿ.

ಹೆಸರು, ಮುಖಪುಟ, ಬಿಡುಗಡೆ ಸಮಾರಂಭ ಇವನ್ನೆಲ್ಲ ಈಗ ಯೋಚಿಸಬೇಡಿ. ಈ ಸೆಮಿಸ್ಟರ್ ಪೂರ್ತಿ ಪ್ರತಿ ಶನಿವಾರ ಮಧ್ಯಾಹ್ನ ನಿಮ್ಮ ಗೆಳೆಯರ ಸೆಮಿನಾರ್ ಪ್ರಬಂಧಗಳಲ್ಲಿ ಒಂದನ್ನು ಹೆಸರು ತೆಗೆದು ಓದಿ, ಪ್ರತಿ ಅಡಿಟಿಪ್ಪಣಿಯನ್ನೂ ಮೂಲದವರೆಗೆ ಹಿಂಬಾಲಿಸಿ, ಆಕ್ಷೇಪಗಳನ್ನು ಬರವಣಿಗೆಯಲ್ಲಿ ಕೊಡಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಐದಾರು ಮಂದಿ ಇನ್ನೂ ತಪ್ಪದೆ ಬರುತ್ತಿದ್ದರೆ ಮೊದಲ ಸಂಚಿಕೆಗೆ ಲೇಖನಗಳನ್ನು ಆಹ್ವಾನಿಸಿ.