ಆಪ್ತಸಲಹೆ ಪ್ರಕರಣ: ದಿನಾಂಕ ಹಾಕದ ರಾಜೀನಾಮೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 34ರ ಮಹಿಳೆ, ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಓದಿದವರು. ಪದವಿ ಕಾಲೇಜೊಂದರಲ್ಲಿ ಏಳು ವರ್ಷದಿಂದ ಆಡಳಿತ ಮಂಡಳಿ ಕೊಡುವ ಸಂಬಳಕ್ಕೆ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಕಟ್ಟಿದವರೂ ಅವರೇ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಫೋನ್ ರಿಂಗಾದರೆ ಎದೆ ಡವಡವ, ಮೈದಾನದ ಕಡೆ ಕಾಲೇ ಹೋಗುತ್ತಿಲ್ಲ. "ರಾಜೀನಾಮೆ ಬರೆದು ಬ್ಯಾಗಲ್ಲೇ ಇಟ್ಕೊಂಡಿದ್ದೀನಿ ಮೇಡಂ" ಎಂದು ತೆಗೆದು ತೋರಿಸಿದರು. ಸಹಿ ಇತ್ತು, ದಿನಾಂಕ ಇರಲಿಲ್ಲ.

ನೆಪವಾದದ್ದು ಅಂತರ ಕಾಲೇಜು ಪಂದ್ಯಾವಳಿ. ಎರಡು ದಿನದಲ್ಲಿ ನಾಲ್ಕು ಪಂದ್ಯ, ನಾಲ್ಕಕ್ಕೂ ಒಬ್ಬಳೇ ಪಿಚರ್, ಅಂದರೆ ಬ್ಯಾಟ್ ಮಾಡುವವಳಿಗೆ ಚೆಂಡು ಎಸೆಯುವವಳು. ಮೂರನೆಯ ದಿನ ಆ ಹುಡುಗಿಗೆ ಜಡೆ ಹಾಕಿಕೊಳ್ಳಲು ಕೈ ಮೇಲೆತ್ತಲಾಗಲಿಲ್ಲ. ಅವಳ ಅಪ್ಪ ಕಾಲೇಜಿಗೇ ಬಂದು ಎಲ್ಲರೆದುರು ಕೂಗಾಡಿದರು.

ಮೊದಲು ವೈದ್ಯರಲ್ಲಿಗೆ ಕಳಿಸಿ ಇಸಿಜಿ, ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು. ನಿದ್ದೆಗೆಟ್ಟು ಎದೆ ಹೊಡೆದುಕೊಳ್ಳುವುದನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಎರಡೂ ಸರಿಯಿದ್ದವು. ಆಮೇಲೆ ಒಂದು ವಾರದ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಬರೆದು ತರಲು ಹೇಳಿದೆವು. 46 ಗಂಟೆಯಲ್ಲಿ ತರಬೇತಿ ಬರೀ 9 ಗಂಟೆ. ಮಿಕ್ಕದ್ದು ಹಾಜರಾತಿ ರಿಯಾಯಿತಿ ಪತ್ರ, ಟಿಎ-ಡಿಎ ಬಿಲ್ಲು, ಕಾರ್ಯಕ್ರಮಗಳ ಶಿಸ್ತು ಡ್ಯೂಟಿ. ಬಸ್ ಚಾರ್ಜಿಗೆ ಕೈಯಿಂದ ಹಾಕಿದ ದುಡ್ಡು ಇನ್ನೂ ಬಂದಿಲ್ಲ. ಅವರಿಗೆ ಸಾಕಾಗಿದ್ದು ಆಟವಲ್ಲ ಎಂಬುದು ಆ ಹಾಳೆ ನೋಡಿದಾಗ ಅವರಿಗೇ ಹೊಳೆಯಿತು.

ಪಿಚರ್ ವಿಷಯದಲ್ಲಿ ಮಾತ್ರ ನಾವು ಸಮಾಧಾನ ಹೇಳಲಿಲ್ಲ. ತಪ್ಪು ಆಗಿತ್ತು, ತಿದ್ದುವಂಥದ್ದೂ ಆಗಿತ್ತು. ಕೆಳಗಿನಿಂದ ಎಸೆಯುವ ಆಟ, ತೋಳಿಗೆ ಏನೂ ಆಗದು ಎಂಬ ನಂಬಿಕೆ ನಮ್ಮ ಮೈದಾನಗಳಲ್ಲಿ ಇದೆ. ವಿಂಡ್‌ಮಿಲ್ ಎಸೆತದಲ್ಲಿ ಕೈ ಪೂರ್ತಿ ಸುತ್ತು ಬಂದು ಚೆಂಡು ಬಿಡುವ ಹೊತ್ತಿಗೆ ಭುಜದ ಮುಂಭಾಗಕ್ಕೂ ಬೈಸೆಪ್ಸ್‌ಗೂ ಜೋರು ಎಳೆತ ಬೀಳುತ್ತದೆ. ಹುಡುಗಿಯನ್ನು ಫಿಸಿಯೋ ಹತ್ತಿರ ಕಳಿಸಿ, ಅವರು ಹೇಳುವವರೆಗೆ ಚೆಂಡು ಕೊಡಬೇಡಿ ಎಂದೆವು. ವಾರ್ಮ್‌ಅಪ್ ಸೇರಿಸಿ ಪ್ರತಿ ಎಸೆತವನ್ನೂ ಸ್ಕೋರರ್ ಪಕ್ಕ ಕೂತ ಒಬ್ಬಳು ಗೀಟು ಹಾಕಿ ಎಣಿಸಬೇಕು. ಒಂದೇ ದಿನ ಎರಡು ಪಂದ್ಯ ಎಸೆದವಳಿಗೆ ಮರುದಿನ ಪಿಚಿಂಗ್ ಬೇಡ.

ಹಾಗಾದರೆ ಎರಡನೆಯ ಪಿಚರ್ ಬೇಕು. ಅವಳನ್ನು ತಯಾರು ಮಾಡುವ ಕ್ರಮ ಹೀಗೆ: 10 ಅಡಿಯಿಂದ ಬರೀ ಮಣಿಕಟ್ಟಿನ ಸ್ನ್ಯಾಪ್, 25 ಅಡಿಯಿಂದ ಅರ್ಧ ಸುತ್ತು, ಗುರಿ ಕೂತ ಮೇಲೆ ಪೂರ್ತಿ ಸುತ್ತಿನಲ್ಲಿ 43 ಅಡಿ. ಪಂದ್ಯದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟ್ ಮಾಡುವವಳ ಮುಂದಿನ ಪ್ಲೇಟಿಗೆ ಇರುವ ದೂರ ಅದು. ಅವರ ಮೈದಾನದ ಗುರುತು ಹೆಜ್ಜೆಯಲ್ಲಿ ಅಳೆದದ್ದು. ಟೇಪು ಹಿಡಿದಾಗ 43 ಅಡಿಗೆ ಎರಡೂವರೆ ಅಡಿ ಕಮ್ಮಿ ಬಂತು. ಪಂದ್ಯದಲ್ಲಿ ಚೆಂಡು ಪ್ಲೇಟಿಗೆ ಮುಂಚೆಯೇ ಇಳಿಯುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. ಪಂದ್ಯದ ನಡುವೆ ಪಿಚರ್‌ಗೆ ವಿಶ್ರಾಂತಿ ಕೊಡುವ ದಾರಿಯೂ ಇತ್ತು: ಆರಂಭದ ತಂಡದಲ್ಲಿದ್ದ ಆಟಗಾರ್ತಿಯನ್ನು ಹೊರಗೆ ಕೂರಿಸಿದರೂ ಅದೇ ಬ್ಯಾಟಿಂಗ್ ಕ್ರಮದಲ್ಲಿ ಒಮ್ಮೆ ವಾಪಸ್ ತರಬಹುದು. ಈ ನಿಯಮ ಅವರಿಗೆ ಗೊತ್ತಿತ್ತು, ಸೋಲಿನ ಭಯಕ್ಕೆ ಬಳಸಿರಲಿಲ್ಲ.

ಇನ್ನು ಕೆಲಸದ ವಿಚಾರ. ನಮ್ಮ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಾಫ್ಟ್‌ಬಾಲ್ ಕೋಚ್ ಎಂಬ ಹುದ್ದೆ ಇರುವುದಿಲ್ಲ, ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಕಪ್ ಎಷ್ಟು ಗೆದ್ದರೂ ಆ ಕುರ್ಚಿ ತಾನಾಗಿ ಬರದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ಕೇಳುವುದು ಸ್ನಾತಕೋತ್ತರದಲ್ಲಿ ಶೇ. 55 ಅಂಕ, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ರಾಜ್ಯದ ಅರ್ಹತಾ ಪರೀಕ್ಷೆ, ತಾನು ಆಡಿದ್ದಕ್ಕೆ ದಾಖಲೆ, ದೈಹಿಕ ಸಾಮರ್ಥ್ಯ ಪರೀಕ್ಷೆ. 30 ದಾಟಿದ, 40ರೊಳಗಿನ ಮಹಿಳೆಗೆ 8 ನಿಮಿಷದಲ್ಲಿ 800 ಮೀಟರ್. ಇವರು ಬಿರುಸಾಗಿ ನಡೆದರೂ ಮುಗಿಸುತ್ತಾರೆ. ತೊಡಕಿದ್ದದ್ದು ನೆಟ್‌ನಲ್ಲಿ. ಎರಡು ಸಲವೂ ಕೈಕೊಟ್ಟದ್ದು ಮೊದಲ ಪತ್ರಿಕೆ, ಎಲ್ಲ ವಿಷಯದವರಿಗೂ ಒಂದೇ ಆದ ಬೋಧನೆ-ಸಂಶೋಧನೆ ಸಾಮರ್ಥ್ಯದ್ದು. ಅದರ 50 ಪ್ರಶ್ನೆಗೆ 100 ಅಂಕ, ಋಣಾಂಕ ಇಲ್ಲ. ಆದರೂ ದೈಹಿಕ ಶಿಕ್ಷಣದವರು ಅದನ್ನು ಕಡೆಗಣಿಸಿ ತಮ್ಮ ವಿಷಯದ ಎರಡನೆಯ ಪತ್ರಿಕೆಯನ್ನೇ ಉರು ಹೊಡೆಯುತ್ತಾರೆ. ಬೆಳಿಗ್ಗೆ 45 ನಿಮಿಷ ಮೊದಲ ಪತ್ರಿಕೆಗೇ ಇಡಿ ಎಂದೆವು. ವಿಶ್ವವಿದ್ಯಾಲಯ ತಂಡದಲ್ಲಿ ಆಡಿದ ಪ್ರಮಾಣಪತ್ರ ತವರಿನ ಅಟ್ಟದ ಟ್ರಂಕಿನಲ್ಲಿತ್ತು, ಒಂದು ಮೂಲೆ ಗೆದ್ದಲು ತಿಂದಿತ್ತು. ನಕಲು ಪ್ರತಿಗೆ ಅರ್ಜಿ ಹಾಕಿಸಿದೆವು.

ಪ್ರಾಂಶುಪಾಲರಿಗೆ ಒಂದು ಪುಟದ ಪತ್ರವೂ ಹೋಯಿತು: ಮುಂಗಡ ಕೊಡದೆ ತಂಡ ಹೊರಡುವುದಿಲ್ಲ, ರಾತ್ರಿ ಎಂಟರ ಮೇಲೆ ಪೋಷಕರ ಕರೆ ತೆಗೆಯುವುದಿಲ್ಲ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಉತ್ತರ ಬಂದಿಲ್ಲ. ಇವರು ಫೋನ್ ಸೈಲೆಂಟ್‌ಗೆ ಹಾಕಲು ಶುರುಮಾಡಿದ್ದಾರೆ.

ಐದನೆಯ ಭೇಟಿಯ ಹೊತ್ತಿಗೆ ರಾತ್ರಿ ಐದು ಗಂಟೆಯಷ್ಟು ನಿದ್ದೆ ಬರುತ್ತಿತ್ತು. ರಾಜೀನಾಮೆಯನ್ನು ಹರಿದು ಹಾಕಿ ಎಂದು ನಾವು ಹೇಳಿಲ್ಲ. ಮುಂದಿನ ನೆಟ್ ಫಲಿತಾಂಶ ಬಂದ ಮೇಲೆ ಅದಕ್ಕೆ ದಿನಾಂಕ ಹಾಕಬೇಕೋ ಬೇಡವೋ ಎಂದು ಕೂತು ಮಾತಾಡುವುದಾಗಿದೆ.