ಮೊದಲ ದಿನದಿಂದಲೇ ಆಂಟಿಬಯೋಟಿಕ್ ಪುಡಿ ಬೇಡ ಮಾರಾಯ್ರೆ

"ಫಾರಂಗೆ ಕೋಳಿ ಮರಿ ಇಳಿಸಿದ ದಿನದಿಂದ ಐದು ದಿನ ನೀರಿಗೆ ಟೆಟ್ರಾಸೈಕ್ಲಿನ್ ಪುಡಿ, ಸಾವು ಕಮ್ಮಿ" ಅಂತ ಬರೆದಿದ್ದೀರಲ್ಲ, ಓದಿ ಸುಮ್ನಿರಲು ಆಗಲಿಲ್ಲ. ನಾನೂ ಮೂರು ಬ್ಯಾಚ್ ಹಾಗೇ ಮಾಡಿದವನು. ನಾಲ್ಕನೇ ಬ್ಯಾಚಿಗೆ ನಿಜವಾಗಿ ಇ. ಕೋಲಿ ಬ್ಯಾಕ್ಟೀರಿಯಾದ ರೋಗ ಬಂತು. ಅದೇ ಪುಡಿ ದುಪ್ಪಟ್ಟು ಹಾಕಿದರೂ ಮರಿ ಸಾಯುವುದು ನಿಲ್ಲಲಿಲ್ಲ.

ಆಗಷ್ಟೇ ಸತ್ತ ಎರಡು ಮರಿ ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ದೆ. ಆಮೇಲೆ ಕಲ್ಚರ್ ತಟ್ಟೆ ತೋರಿಸಿದರು. ಅದರ ಮೇಲೆ ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳು. ಔಷಧಿ ನಾಟಿದರೆ ಬಿಲ್ಲೆ ಸುತ್ತ ಖಾಲಿ ಉಂಗುರ ಬೀಳಬೇಕು. ನನ್ನ ಪುಡಿಯ ಬಿಲ್ಲೆಗೆ ಅಂಟಿಕೊಂಡೇ ಬ್ಯಾಕ್ಟೀರಿಯಾ ಬೆಳೆದಿತ್ತು!

ಸುಮ್ಸುಮ್ನೆ ಪುಡಿ ಹಾಕುತ್ತಿದ್ದರೆ ಅದಕ್ಕೆ ಸಾಯದ ಬ್ಯಾಕ್ಟೀರಿಯಾವೇ ಉಳಿದು ಬೆಳೆಯುತ್ತದೆ. ಔಷಧಿ ತಡೆಯುವ ಜೀನು ಪ್ಲಾಸ್ಮಿಡ್ (ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪುಟ್ಟ ಡಿಎನ್‌ಎ ಉಂಗುರ) ಮೇಲಿದ್ದರೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಮಾರುವ ಮುಂಚೆ ಔಷಧಿ ನಿಲ್ಲಿಸ್ತೀನಿ ಅನ್ನುತ್ತೀರಿ. ನಿಲ್ಲಿಸಲೇಬೇಕು, ಪೊಟ್ಟಣದ ಮೇಲೆ ಬರೆದಷ್ಟು ದಿನ. ಆದರೆ ಮಾಂಸದಿಂದ ಔಷಧಿ ಇಳಿದರೂ ಕರುಳಿನ ಆ ಬ್ಯಾಕ್ಟೀರಿಯಾ ಅಲ್ಲೇ ಇರಬಹುದು. ಕೊಯ್ಯುವಾಗ ಮಾಂಸಕ್ಕೆ, ಅಲ್ಲಿಂದ ಮಣೆಗೆ, ಅದೇ ಮಣೆಯಲ್ಲಿ ಹೆಚ್ಚಿದ ಸೌತೆಕಾಯಿಗೆ. ಸಾರು ಕುದಿಸುತ್ತೇವೆ, ಸೌತೆಕಾಯಿ ಕುದಿಸ್ತೀವಾ?

ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಹಾಕಿ ಅಂದಿದ್ದಾರೆ. ಸ್ವಾಮಿ, 2019ರ ಜುಲೈನಲ್ಲೇ ಅದನ್ನು ಕೋಳಿಗೆ ಕೊಡುವುದು ನಿಷೇಧವಾಗಿದೆ. ಆಸ್ಪತ್ರೆಯಲ್ಲಿ ಬೇರೇನೂ ನಾಟದಾಗ ಮನುಷ್ಯರಿಗೆ ಕೊಡುವ ಔಷಧಿ ಅದು. ಅದನ್ನು ತಡೆಯುವ ಎಂಸಿಆರ್-1 ಜೀನು ಪ್ಲಾಸ್ಮಿಡ್ ಮೇಲೆ ಓಡಾಡುತ್ತದೆ ಅಂತ 2015ರಲ್ಲಿ ಚೀನಾದವರು ವರದಿ ಮಾಡಿದರು. ಸಿಕ್ಕಿದ್ದು ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲೂ. ಹಳೇ ಸ್ಟಾಕ್ ಅಂತ ಯಾರಾದರೂ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ನನ್ನಲ್ಲಿ ಸಾವು ಇಳಿದದ್ದು ಬ್ರೂಡಿಂಗ್, ಅಂದರೆ ಮರಿಗೆ ಕಾವು ಕೊಡುವುದು, ಸರಿ ಮಾಡಿದ ಮೇಲೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್. ಮೂಲೆಯಲ್ಲಿ ಗುಂಪುಗೂಡಿದರೆ ಹೆಚ್ಚಾಗಿ ಚಳಿ ಅಂತ ಅರ್ಥ. ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾದರೆ ಅದೇ ದಿನ ತೆಗೆಯಿರಿ. ನೀರಿನ ಪೈಪಿನೊಳಗೆ ಬೆರಳು ಹಾಕಿ ನೋಡಿ, ಲೋಳೆ ಬಂದರೆ ಮೊದಲು ಅದನ್ನು ತೊಳೆಯಿರಿ. ಬಣ್ಣದ ಡಬ್ಬಿಯ ಲಿವರ್ ಟಾನಿಕ್‌ಗೆ ಸುರಿಯುವ ದುಡ್ಡು ಥರ್ಮಾಮೀಟರಿಗೆ ಹಾಕಿ. ನೀರಿಗೆ ಕ್ಲೋರಿನ್ ಹಾಕುವವರು ನೀರಿನಲ್ಲಿ ಲಸೋಟಾ (ರಾಣಿಖೇತ್ ರೋಗದ ಜೀವಂತ ಲಸಿಕೆ) ಕೊಡುವ ಹಿಂದಿನ ದಿನವೇ ನಿಲ್ಲಿಸಿ, ಇಲ್ಲದಿದ್ದರೆ ಲಸಿಕೆಯೇ ಸಾಯುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಹೆಚ್ಚಾಗಿ ಕಾಕ್ಸಿ (ಕಾಕ್ಸಿಡಿಯೋಸಿಸ್, ಕರುಳಿನ ಪರಾವಲಂಬಿಯಿಂದ ಬರುವ ರೋಗ). ಅದು ಟೆಟ್ರಾಸೈಕ್ಲಿನ್‌ಗೆ ಬಗ್ಗಲ್ಲ, ಡಾಕ್ಟರನ್ನೇ ಕೇಳಿ.

ಮತ್ತೆ, ಪುಡಿ ಹಾಕಿದ ಶೆಡ್ಡಿನ ಗೊಬ್ಬರವನ್ನು ಹಸಿಯಾಗಿ ಕೊತ್ತಂಬರಿ ಮಡಿಗೆ ಹಾಕಬೇಡಿ, ಆ ಬ್ಯಾಕ್ಟೀರಿಯಾ ಅದರಲ್ಲೂ ಇರಬಹುದು. ರಾಶಿ ಮಾಡಿ ಕಾವೇರಲು ಬಿಡಿ, ನಡುನಡುವೆ ಮಗುಚಿ. ಮೇಲೆ ಟಾರ್ಪಾಲ್ ಇರಲಿ, ಮಳೆಗೆ ನೆನೆದರೆ ನೊಣ ಜಾಸ್ತಿ.